ಮನೆಯ ಹೆಣ್ಣುನಾಯಿ ಬೆದೆಗೆ ಬಂದಾಗ

ಹಾಸನದ ಸೀಮೆಯಲ್ಲಿ ಹಸು ಬೆದೆಗೆ ಬಂದುದನ್ನು ಅರಿಯದ ಮನೆಯಿಲ್ಲ. ಬೆಳಗಿನ ಜಾವ ಕೊಟ್ಟಿಗೆಯಿಂದ ಒಂದು ಬಗೆಯ ಕೂಗು ಕೇಳಿಬಂದರೆ ಸಾಕು, ಮಲಗಿದ್ದ ಅಜ್ಜಿಯೇ “ಡಾಕ್ಟರಿಗೆ ಹೇಳಿಕಳಿಸ್ರೋ” ಎನ್ನುತ್ತಾಳೆ. ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವವರಿಗೆ ಈ ತಿಳಿವಳಿಕೆ ಯಾರೂ ಕಲಿಸದೆ ಬಂದದ್ದು. ಆದರೆ ಅದೇ ಮನೆಯ ಮಕ್ಕಳು ಹಾಸನದ ಬಡಾವಣೆಯಲ್ಲೋ ಚನ್ನರಾಯಪಟ್ಟಣದ ಹೊಸ ಬೀದಿಯಲ್ಲೋ ಮನೆ ಮಾಡಿ, ಮಕ್ಕಳ ಹಟಕ್ಕೆ ಒಂದು ಹೆಣ್ಣು ನಾಯಿಮರಿಯನ್ನು ತಂದು ಸಾಕಿದರೆನ್ನಿ. ಎಂಟು ಹತ್ತು ತಿಂಗಳಿಗೆ ಅದರ ನಡತೆ ಬದಲಾದಾಗ ದಿಕ್ಕು ತೋಚದವರಾಗುತ್ತಾರೆ.

ಅರಕಲಗೂಡಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಐದು ತಿಂಗಳಲ್ಲಿ “ಕೂತ್ಕೋ” ಎಂದರೆ ಕೂರುತ್ತಿದ್ದ ಮರಿ ಈಗ ಕರೆದರೂ ಕೇಳಿಸದಂತೆ ಇರುತ್ತದೆ. ಒಂದು ಹೊತ್ತು ಯಜಮಾನಿಯ ಸೆರಗು ಬಿಡದೆ ಸುತ್ತುತ್ತದೆ, ಮತ್ತೊಂದು ಹೊತ್ತು ಮಂಚದ ಕೆಳಗೆ ಸೇರಿ ಮುಟ್ಟಬಂದರೆ ಗುರುಗುಟ್ಟುತ್ತದೆ. ಅನ್ನದ ತಟ್ಟೆಯನ್ನು ಮೂಸಿ ನೋಡಿ ಹಿಂದಿರುಗುತ್ತದೆ. ಗೇಟಿನ ಕಂಬಕ್ಕೆ, ಹೂಕುಂಡಕ್ಕೆ, ಬೀದಿಯ ಮೂಲೆಗೆ ತೊಟ್ಟುತೊಟ್ಟಾಗಿ ಮೂತ್ರ ಮಾಡುತ್ತದೆ. ಒಬ್ಬರು ದೃಷ್ಟಿ ತಾಕಿತೆನ್ನುತ್ತಾರೆ, ಮತ್ತೊಬ್ಬರು ಸಲಿಗೆ ಹೆಚ್ಚಾಯಿತೆನ್ನುತ್ತಾರೆ. ಕೋಲು ಹೊರಗೆ ಬರುವುದು ಆಗಲೇ.

ಕೋಲಿಗೆ ಇಲ್ಲಿ ಕೆಲಸವಿಲ್ಲ. 2020ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾನಿಲಯದ ಲೂಸಿ ಆಷರ್ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯವಾಗಿದೆ. ಅಂಧರಿಗೆ ದಾರಿ ತೋರಲೆಂದು ಬೆಳೆಸಿದ ಮರಿಗಳನ್ನು ಅವರು ಪರೀಕ್ಷಿಸಿದರು. ಐದನೆಯ ತಿಂಗಳಲ್ಲಿ ಸಾಕಿದವರ ಮಾತು ಕೇಳುತ್ತಿದ್ದ ಮರಿಗಳು ಎಂಟನೆಯ ತಿಂಗಳಲ್ಲಿ ಅವರಿಗೆ ಅವಿಧೇಯವಾದವು; ವಿಚಿತ್ರವೆಂದರೆ ಅಪರಿಚಿತರು ಹೇಳಿದರೆ ಅದೇ ಮಾತನ್ನು ಕೇಳುತ್ತಿದ್ದವು! ಹದಿನಾಲ್ಕರ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡಿರುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಕಿದವರೊಡನೆ ಭದ್ರವಾದ ಬಾಂಧವ್ಯವಿಲ್ಲದ ಹೆಣ್ಣುಮರಿಗಳು ಬೇಗ ಬೆದೆಗೆ ಬಂದವೆಂಬುದನ್ನೂ ಆ ಅಧ್ಯಯನ ಗುರುತಿಸಿತು.

ಸಣ್ಣ ಜಾತಿಯ ನಾಯಿಗಳು ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಬಾರಿ ಬೆದೆಗೆ ಬರುತ್ತವೆ. ದೊಡ್ಡ ಜಾತಿಯವು ಒಂದೂವರೆ, ಎರಡು ವರ್ಷ ತೆಗೆದುಕೊಳ್ಳುವುದೂ ಉಂಟು. ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಏರತೊಡಗಿದಂತೆ ಗುಹ್ಯಭಾಗ ಊದಿಕೊಂಡು ರಕ್ತ ಒಸರುತ್ತದೆ. ಸುಮಾರು ಒಂಬತ್ತು ದಿನಗಳ ಈ ಮೊದಲ ಹಂತದಲ್ಲಿ ಗಂಡುನಾಯಿಗಳು ವಾಸನೆ ಹಿಡಿದು ಬಂದರೂ ಹೆಣ್ಣು ಹಲ್ಲು ಕಿರಿದು ಓಡಿಸುತ್ತದೆ. ತೊಟ್ಟುತೊಟ್ಟು ಮೂತ್ರವೂ ಸಂದೇಶವೇ. ಬೀದಿಗೆಲ್ಲ ಹಚ್ಚಿದ ಪ್ರಕಟಣೆ.

ಮುಂದಿನ ಒಂಬತ್ತು ದಿನಗಳಲ್ಲಿಯೇ ಬಹುಮಂದಿ ಮೋಸಹೋಗುವುದು. ರಕ್ತದ ಬಣ್ಣ ತಿಳಿಯಾಗುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ. “ಸದ್ಯ, ಮುಗಿಯಿತು” ಎಂದು ಗೇಟು ತೆರೆಯುತ್ತಾರೆ. ನಿಜಕ್ಕೂ ಈಗಲೇ ಆರಂಭ! ಬಾಲವನ್ನು ಪಕ್ಕಕ್ಕೆ ಸರಿಸಿ ಗಂಡಿಗಾಗಿ ನಿಲ್ಲುವ ದಿನಗಳಿವು. ನಮ್ಮ ಕಡೆಯವರು ಈ ತಪ್ಪು ಮಾಡುವುದಕ್ಕೆ ಹಸುವಿನ ಅನುಭವವೂ ಕಾರಣವಿರಬೇಕು. ಹಸುವಿನ ಬೆದೆ ಒಂದು ದಿನದೊಳಗಿನ ಮಾತು. ಅದಕ್ಕೆ ರಕ್ತ ಕಾಣುವುದಾದರೆ ಬೆದೆ ಕಳೆದ ಮೇಲೆ. ನಾಯಿಯಲ್ಲಿ ರಕ್ತ ಮೊದಲು, ಬೆದೆ ಆಮೇಲೆ. ಹೆಂಗಸರ ಮುಟ್ಟಿಗೂ ಇದಕ್ಕೂ ಹೋಲಿಕೆಯಿಲ್ಲ. ಆದಕಾರಣ ಮೊದಲ ಹನಿ ಕಂಡ ದಿನದಿಂದ ಮೂರು ವಾರ, ಇನ್ನೂ ಭದ್ರವಾಗಿರಬೇಕಾದರೆ ನಾಲ್ಕು ವಾರ, ನಾಯಿಯನ್ನು ಸರಪಳಿಯಿಲ್ಲದೆ ಹೊರಗೆ ಬಿಡತಕ್ಕದ್ದಲ್ಲ. ಕಾಂಪೌಂಡಿನ ಗೋಡೆಯನ್ನು ನಂಬಬೇಡಿ. ಗಂಡುನಾಯಿಗಳು ಹಾರಿ ಬರುತ್ತವೆ, ಒಳಗಿನದೂ ಸಂದು ಹುಡುಕಿ ಹೋಗುತ್ತದೆ. ಒಂದೇ ಬೆದೆಯಲ್ಲಿ ಹಲವು ಗಂಡುಗಳು ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆಬೇರೆ ತಂದೆಯರಿರಬಹುದು.

ಬೀದಿಯ ನಾಯಿಗಳಲ್ಲಿ ಬೆದೆ ಹೆಚ್ಚಾಗಿ ಮಳೆಗಾಲ ಹಿಂದಾಗುವ ಹೊತ್ತಿಗೆ ಬರುತ್ತದೆ. ಕಾರ್ತಿಕಮಾಸದ ನಾಯಿಗಳ ಮಾತನ್ನು ಹಿರಿಯರು ಆಡಿದ್ದು ಸುಮ್ಮನೆ ಅಲ್ಲ. ಗರ್ಭ ಸುಮಾರು 63 ದಿನ. ಆದ್ದರಿಂದಲೇ ಚಳಿಗಾಲದಲ್ಲಿ ಬೀದಿಬೀದಿಗೆ ಮರಿಗಳು. ಮನೆಯಲ್ಲಿ ಉಂಡು ಬೆಳೆದ ನಾಯಿಗಳಿಗೆ ಈ ಋತುನಿಯಮ ಅಷ್ಟಾಗಿ ಇಲ್ಲ, ಹಲವಕ್ಕೆ ಆರೇಳು ತಿಂಗಳಿಗೊಮ್ಮೆ ಬರುತ್ತದೆ. ಒಂದು ಮಾತು ಹೇಳಲೇಬೇಕು: ಕೂಡಿ ಸಿಕ್ಕಿಕೊಂಡ ನಾಯಿಗಳಿಗೆ ಕಲ್ಲು ಹೊಡೆಯುವುದು, ನೀರು ಎರಚುವುದು ನಮ್ಮ ಬೀದಿಗಳ ಹೇಯವಾದ ವಿನೋದ. ಅರ್ಧ ಗಂಟೆಯೊಳಗೆ ತಾವಾಗಿಯೇ ಬಿಡಿಸಿಕೊಳ್ಳುವ ಅವನ್ನು ಬಲವಂತವಾಗಿ ಎಳೆದರೆ ಎರಡಕ್ಕೂ ಗಾಯವಾಗುತ್ತದೆ. ಗಂಡುಗಳ ಗುಂಪಿನಲ್ಲಿ ಕಚ್ಚಾಟ ತಪ್ಪಿದ್ದಲ್ಲ. ಆದಕಾರಣ ಹುಚ್ಚುನಾಯಿ ರೋಗದ ಲಸಿಕೆಯನ್ನು ಮೊದಲೇ ಹಾಕಿಸಿರಬೇಕು.

ಬೆದೆ ಇಳಿದ ಮೇಲೂ ಕಥೆ ಮುಂದುವರಿಯುತ್ತದೆ. ಗರ್ಭ ನಿಲ್ಲಲಿ ಬಿಡಲಿ, ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಎರಡು ತಿಂಗಳು ಮೈಯಲ್ಲಿರುತ್ತದೆ. ಅದು ಇಳಿಯುವಾಗ ಕೆಲವು ನಾಯಿಗಳು ಗೂಡು ಕಟ್ಟುವಂತೆ ಹಳೆಯ ಬಟ್ಟೆ ಒಟ್ಟುತ್ತವೆ. ಮಗುವಿನ ಗೊಂಬೆಯನ್ನೋ ಒಂಟಿ ಚಪ್ಪಲಿಯನ್ನೋ ಮರಿಯೆಂದು ಕಾಯುತ್ತವೆ. ಕೆಚ್ಚಲಲ್ಲಿ ಹಾಲೂ ಬರುತ್ತದೆ. ಇದು ಸುಳ್ಳು ಗರ್ಭ. ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಹಾಲು ಹಿಂಡಬಾರದು. ಆದರೆ ಅದೇ ದಿನಗಳಲ್ಲಿ ನಾಯಿ ಮಂಕಾಗಿ, ಕೊಡಗಟ್ಟಲೆ ನೀರು ಕುಡಿದು, ವಾಂತಿಮಾಡಿ, ದುರ್ವಾಸನೆಯ ಸ್ರಾವವನ್ನು ತೋರಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಬಾರದೆ ಒಳಗೇ ಉಳಿದರೆ ಇನ್ನೂ ಅಪಾಯ. ಕಷಾಯ ಕುಡಿಸುತ್ತ ಕಾದರೆ ಪ್ರಾಣ ಉಳಿಯದು.

ಈ ಎಲ್ಲ ತಾಪತ್ರಯಕ್ಕೆ ನಮ್ಮ ಜನ ಕಂಡುಕೊಂಡ ಉಪಾಯ ಯಾವುದು? ಗಂಡುಮರಿಯನ್ನು ಆರಿಸಿಕೊಂಡು ಹೆಣ್ಣನ್ನು ಸಂತೆಮಾಳದಲ್ಲೋ ಹೊಳೆಯ ದಂಡೆಯಲ್ಲೋ ಬಿಟ್ಟುಬರುವುದು! ಹೊಳೆನರಸೀಪುರದ ಹೇಮಾವತಿಯ ದಡದಲ್ಲಿ ಬಿಟ್ಟ ಮರಿ ಬದುಕಿದರೆ ಮುಂದಿನ ವರ್ಷ ಅಲ್ಲಿ ಆರೇಳು ಮರಿಗಳಿರುತ್ತವೆ. ಇದಕ್ಕಿಂತ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಕನಿಕರದ ದಾರಿ. ಅದರಿಂದ ಗರ್ಭಕೋಶದ ಕೀವಿನ ಭಯವೂ ತೊಲಗುತ್ತದೆ. ಬೆದೆಯಲ್ಲಿರುವಾಗ ರಕ್ತನಾಳಗಳು ಉಬ್ಬಿರುವುದರಿಂದ ಎರಡು ಮೂರು ತಿಂಗಳು ಕಳೆದ ಮೇಲೆ ಮಾಡಿಸುವುದು ಲೇಸು. ದೊಡ್ಡ ಜಾತಿಯ ನಾಯಿಯಾದರೆ ಮೂಳೆ ಬೆಳೆಯುವ ತನಕ ಕಾಯಬೇಕೆ ಎಂಬುದನ್ನು ವೈದ್ಯರು ಹೇಳುತ್ತಾರೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಅಲ್ಲಿಯವರೆಗೆ ಗೃಹಿಣಿಯರು ಒಂದು ಕೆಲಸ ಮಾಡಬಹುದು. ಹಾಲಿನ ಲೆಕ್ಕವನ್ನೂ ಗ್ಯಾಸು ಬಂದ ದಿನವನ್ನೂ ಬರೆದಿಡುವ ಗೋಡೆಯ ಕ್ಯಾಲೆಂಡರಿನಲ್ಲಿ ನಾಯಿಯ ಮೊದಲ ರಕ್ತದ ಹನಿ ಕಂಡ ದಿನಕ್ಕೂ ಒಂದು ಗುರುತು ಹಾಕಲಿ. ಒಂದೆರಡು ತಿಂಗಳ ಮೇಲೆ ಅದು ಅನ್ನ ಬಿಟ್ಟು ಬರಿಯ ನೀರು ಕುಡಿಯುತ್ತಿದ್ದರೆ, ವೈದ್ಯರು ಕೇಳುವ ಮೊದಲ ಪ್ರಶ್ನೆ ಆ ತಾರೀಖಿನದೇ.