ಕೀಮೋಗೆ ಮೊದಲು ಕೇಳಬೇಕಾದ ಪ್ರಶ್ನೆ

ಕಲ್ಯಾಣ್, ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಹೋಗುವವರಲ್ಲಿ ಇಪ್ಪತ್ತರ ಹುಡುಗರೂ ಇರುತ್ತಾರೆ. ಥಾಣೆ, ನವಿ ಮುಂಬೈ ಕಡೆಯವರಿಗೆ ಅದೇ ಸಂಸ್ಥೆಯ ಖಾರ್‌ಘರ್ ಕೇಂದ್ರವೂ ಇದೆ. ಮನೆಯವರ ಕೈಯಲ್ಲಿ ಫೈಲು, ಮನಸ್ಸಿನಲ್ಲಿ ಒಂದೇ ಮಾತು: ಹುಡುಗ ಉಳೀತಾನಾ? ಈ ಗಾಬರಿಯಲ್ಲಿ ಇನ್ನೊಂದು ಪ್ರಶ್ನೆ ಬಾಯಿಗೇ ಬರುವುದಿಲ್ಲ. ಮುಂದೆ ಇವನಿಗೆ ಮಕ್ಕಳಾಗ್ತವಾ?

ಕೇಳಿ. ಮೊದಲ ಕೀಮೋಗೆ ಮುಂಚೆಯೇ ಕೇಳಿ. ಕೀಮೋ ಔಷಧಿ ಬೇಗ ಬೇಗ ಹೆಚ್ಚುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಅಂಥದ್ದು, ಕೂದಲಿನ ಬುಡ ಅಂಥದ್ದು, ವೀರ್ಯಾಣು ತಯಾರಿಸುವ ಕೋಶಗಳೂ ಅಂಥವೇ. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ವೀರ್ಯಾಣು ಕೆಲವರಿಗೆ ಕೆಲವು ವರ್ಷಗಳಲ್ಲಿ ಮರಳುತ್ತದೆ, ಕೆಲವರಿಗೆ ಮರಳುವುದೇ ಇಲ್ಲ. ಯಾರಿಗೆ ಯಾವುದು ಎಂದು ಮೊದಲೇ ಖಚಿತವಾಗಿ ಹೇಳಲು ವೈದ್ಯರಿಗೂ ಆಗದು. ಸೈಕ್ಲೋಫಾಸ್ಫಮೈಡ್‌ನಂಥ ಔಷಧಿ, ವೃಷಣದ ಹತ್ತಿರ ಕೊಡುವ ರೇಡಿಯೇಶನ್ ಇದ್ದರೆ ಅಪಾಯ ಹೆಚ್ಚು.

ಅದಕ್ಕೇ ವೀರ್ಯ ಬ್ಯಾಂಕ್. ಎರಡು ಮೂರು ದಿನ ಸಂಯಮದ ನಂತರ ಖಾಸಗಿ ಕೋಣೆಯಲ್ಲಿ ಹಸ್ತಮೈಥುನದಿಂದ ಸ್ಯಾಂಪಲ್ ಕೊಡುತ್ತಾರೆ. ಎಚ್‌ಐವಿ, ಹೆಪಟೈಟಿಸ್ ರಕ್ತಪರೀಕ್ಷೆ ಇರುತ್ತದೆ. ಸ್ಯಾಂಪಲ್ಲನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಜ್ವರ, ನಿಶ್ಶಕ್ತಿಯಿಂದ ವೀರ್ಯಾಣು ಕಡಿಮೆ ಇದ್ದರೂ ಕೈಬಿಡಬೇಡಿ. ಇವತ್ತಿನ ವಿಧಾನದಲ್ಲಿ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು. ಪ್ರಾಯಕ್ಕೆ ಬರದ ಬಾಲಕರಿಗೆ ಮಾತ್ರ ಈ ದಾರಿ ಇಲ್ಲ.

ಶರಮ್ ದೊಡ್ಡ ಅಡ್ಡಿ. ಶಾಲೆಯಲ್ಲಿ ಈ ಪಾಠ ಬಂದಾಗ "ಮನೇಲಿ ಓದ್ಕೊಳ್ಳಿ" ಎಂದು ಪುಟ ತಿರುಗಿಸುವವರುಂಟು. ಹುಡುಗ ಅಬ್ಬಾನ ಎದುರು ಹೇಗೆ ಬಾಯಿಬಿಟ್ಟಾನು? ವೈದ್ಯರ ಹತ್ತಿರ ಅವನನ್ನು ಸ್ವಲ್ಪ ಹೊತ್ತು ಒಬ್ಬನೇ ಬಿಡಿ.

"ಇದು ಜಾಯಿಜ್ಜಾ?" ಎಂದೂ ನಮ್ಮಲ್ಲಿ ಕೇಳುತ್ತಾರೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಅಗತ್ಯವಿದ್ದಾಗ ಗಂಡನ ವೀರ್ಯ ಮತ್ತು ಹೆಂಡತಿಯ ಅಂಡಾಣು ಸೇರಿಸಿ ಅದೇ ಹೆಂಡತಿಯ ಗರ್ಭದಲ್ಲಿ ಇಡುವುದಕ್ಕೆ ಅಡ್ಡಿಯಿಲ್ಲ ಎಂದಿತು. ಮೂರನೆಯವರು ಬರಬಾರದು, ನಸಬ್ ಕಲಸುಮೇಲೋಗರ ಆಗಬಾರದು. ಸಾವಿನೊಂದಿಗೆ ನಿಕಾಹ್ ಮುಗಿಯುವುದರಿಂದ ಆಮೇಲಿನ ಬಳಕೆಯನ್ನು ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ.

ಸಾವಿನ ಮಾತು ಫಾರಂನಲ್ಲೂ ಬರುತ್ತದೆ. ಜೂನ್ 2025ರಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಒಬ್ಬ ತಾಯಿ ಬಂದರು. ಅವರ ಅವಿವಾಹಿತ ಮಗ ಕ್ಯಾನ್ಸರ್ ಚಿಕಿತ್ಸೆಯ ವೇಳೆ ವೀರ್ಯ ಇಡಿಸಿ, ತಾನು ಸತ್ತರೆ ನಾಶಮಾಡಿ ಎಂದು ಬರೆದುಕೊಟ್ಟಿದ್ದ. ಮನೆಯವರನ್ನು ಕೇಳಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಅದನ್ನು ಕಾಪಾಡಿ ಎಂದು ಕೋರ್ಟು ಮುಂಬೈನ ಕೇಂದ್ರಕ್ಕೆ ಹೇಳಿತು. ಅಕ್ಟೋಬರ್ 2024ರಲ್ಲಿ ದೆಹಲಿ ಹೈಕೋರ್ಟ್, ಕ್ಯಾನ್ಸರ್‌ನಿಂದ ತೀರಿಕೊಂಡ ಇನ್ನೊಬ್ಬ ಯುವಕನ ವೀರ್ಯವನ್ನು ಅವನ ತಂದೆ ತಾಯಿಗೆ ಕೊಡಿ ಎಂದಿತ್ತು.

ಹಾಗಾಗಿ ಫಾರಂ ಅವಸರದಲ್ಲಿ ತುಂಬಬೇಡಿ. ಬ್ಯಾಂಕ್ 2021ರ ಕಾಯಿದೆಯಡಿ ನೋಂದಾಯಿತವೇ, ವರ್ಷಕ್ಕೆ ಎಷ್ಟು ಶುಲ್ಕ, ಎಷ್ಟು ವರ್ಷ ಇಡುತ್ತಾರೆ, ಕಟ್ಟದಿದ್ದರೆ ಏನಾಗುತ್ತದೆ ಎಂದು ವಿಚಾರಿಸಿ. ಸಾವಿನ ನಂತರ ಏನು ಎಂಬ ಸಾಲನ್ನು, ಸಹಿಗೆ ಮೊದಲು, ಅಮ್ಮಿಗೋ ಹೆಂಡತಿಗೋ ಓದಿ ಹೇಳಿ.