ಜಾವಾ ಆಪ್ಲೆಟ್ಟುಗಳಿಗೆ ಒದಗಿದ ತಡೆ: ಕಾರಣವಿಚಾರವೂ ಪರಿಹಾರಕ್ರಮವೂ

ಗಣಕಯಂತ್ರದಲ್ಲಿ ನಿನ್ನೆಯವರೆಗೆ ಸರಾಗವಾಗಿ ನಡೆಯುತ್ತಿದ್ದ ಉಪಕರಣವೊಂದು ಇಂದು ತೆರೆಯದೆ, ರಕ್ಷಣೆಯ ಕಟ್ಟಳೆಯಿಂದ ತಡೆಯಲ್ಪಟ್ಟಿದೆಯೆಂಬ ಒಕ್ಕಣೆಯನ್ನು ಮಾತ್ರ ತೋರಿಸುವುದುಂಟು. ಆಗ ಕೆಲವರು ಉಪಕರಣವೇ ಕೆಟ್ಟಿತೆಂದು ಬಗೆದು ಅದನ್ನು ಕೈಬಿಡುತ್ತಾರೆ; ಮತ್ತೆ ಕೆಲವರು ರಕ್ಷಣೆಯನ್ನೆಲ್ಲ ಒಮ್ಮೆಗೇ ಸಡಿಲಿಸಿಬಿಡುತ್ತಾರೆ. ಮೊದಲನೆಯ ಕ್ರಮದಿಂದ ಒಳ್ಳೆಯ ವಿದ್ಯಾಸಾಧನವೊಂದು ನಷ್ಟವಾಗುತ್ತದೆ. ಎರಡನೆಯದರಿಂದ ಯಂತ್ರದಲ್ಲಿ ಕೂಡಿಟ್ಟ ಬರಹ ಟಿಪ್ಪಣಿಗಳೆಲ್ಲ ಅಪಾಯಕ್ಕೀಡಾಗುತ್ತವೆ. ತಡೆಯೆಂಬುದು ವಾಸ್ತವವಾಗಿ ಒಂದು ತೀರ್ಪು. ಆ ತೀರ್ಪನ್ನು ಕೊಟ್ಟವರಾರು, ಯಾವ ಕಾರಣದಿಂದ ಕೊಟ್ಟರು ಎಂಬುದನ್ನು ಅರಿತಲ್ಲದೆ ಪರಿಹಾರ ದೊರೆಯದು. ಇದಕ್ಕೆ ಜಾವಾ ಆಪ್ಲೆಟ್ಟುಗಳ ವೃತ್ತಾಂತವು ಸ್ಪಷ್ಟವಾದ ನಿದರ್ಶನವಾಗಿದೆ.

೧. ಪೂರ್ವವೃತ್ತಾಂತ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ೧೯೯೫ರಲ್ಲಿ ಜಾವಾ ಭಾಷೆಯನ್ನು ಪ್ರಕಟಿಸಿತು. ಆ ಭಾಷೆಯಲ್ಲಿ ರಚಿತವಾಗಿ, ಬ್ರೌಸರಿನ ಪುಟದೊಳಗೆ ಕುಳಿತು ಕೆಲಸಮಾಡುವ ಕಿರುಕ್ರಮಕ್ಕೆ ಆಪ್ಲೆಟ್ ಎಂದು ಹೆಸರು. ಇದು ದೂರದ ಯಂತ್ರದಿಂದ ಬಂದು ಓದುಗನ ಯಂತ್ರದಲ್ಲಿ ನಡೆಯತಕ್ಕದ್ದು; ಆದ್ದರಿಂದ ಮನೆಗೆ ಬಂದ ಅಪರಿಚಿತನಿಗೆ ಸಮಾನವಾದುದು. ಅಪರಿಚಿತನು ಜಗಲಿಯಲ್ಲಿ ಕುಳಿತು ಮಾತನಾಡಬಹುದು, ಒಳಮನೆಗೆ ಬರಲಾಗದು ಎಂಬಂತೆ, ಆಪ್ಲೆಟ್ಟು ಓದುಗನ ಕಡತಗಳನ್ನು ಮುಟ್ಟಕೂಡದು, ತಾನು ಬಂದ ಯಂತ್ರವನ್ನುಳಿದು ಬೇರೊಂದರೊಡನೆ ಸಂಪರ್ಕ ಬೆಳೆಸಕೂಡದು ಎಂದು ನಿಯಮವಿತ್ತು. ಕರ್ತೃವು ಸಹಿ ಮಾಡಿದ್ದು, ಓದುಗನು ಅದನ್ನು ಒಪ್ಪಿದರೆ ಮಾತ್ರ ಒಳಮನೆಗೆ ಪ್ರವೇಶ.

ಜಗಲಿಯ ಮೇರೆಯನ್ನು ಮೀರುವ ಉಪಾಯಗಳನ್ನು ದುಷ್ಟರು ಕಾಲಕ್ರಮದಲ್ಲಿ ಕಂಡುಕೊಂಡರು. ೨೦೧೩ನೆಯ ಜನವರಿಯಲ್ಲಿ ಅಂಥ ಒಂದು ಬಿರುಕು ಬಯಲಾಗಲು, ಅಮೆರಿಕದ ಸರ್ಕಾರದ ಗಣಕರಕ್ಷಣಾ ವಿಭಾಗವು ಬ್ರೌಸರುಗಳಲ್ಲಿ ಜಾವಾವನ್ನು ನಿಲ್ಲಿಸಿಡುವಂತೆ ಸಲಹೆ ಮಾಡಿತು. ೨೦೧೦ರಲ್ಲಿ ಸನ್ ಸಂಸ್ಥೆಯನ್ನು ಕೊಂಡಿದ್ದ ಒರಾಕಲ್ ಸಂಸ್ಥೆಯು ಅದೇ ತಿಂಗಳಲ್ಲಿ ರಕ್ಷಣೆಯ ಮಟ್ಟವನ್ನು ಮಧ್ಯಮದಿಂದ ಉನ್ನತಕ್ಕೆ ಏರಿಸಿತು. ೨೦೧೪ನೆಯ ಜನವರಿಯಲ್ಲಿ ಬಂದ ಜಾವಾ ೭ರ ೫೧ನೆಯ ಪರಿಷ್ಕರಣವು, ಸಹಿಯಿಲ್ಲದ ಮತ್ತು ಕರ್ತೃವು ತನಗೆ ತಾನೇ ಪ್ರಮಾಣಪತ್ರ ಕೊಟ್ಟುಕೊಂಡು ಸಹಿಮಾಡಿದ ಕ್ರಮಗಳನ್ನು ಉನ್ನತ ಮಟ್ಟದಲ್ಲಿ ತಡೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮಧ್ಯಮ ಮಟ್ಟವೇ ರದ್ದಾಯಿತು.

೨. ತಡೆಯ ಕಾರಣಗಳು

ಹೀಗೆ ಉಂಟಾದ ತಡೆಗಳೆಲ್ಲ ಒಂದೇ ಬಗೆಯವಲ್ಲ. ತೆರೆಯ ಮೇಲೆ ಮೂಡುವ ಒಕ್ಕಣೆಯನ್ನು ಕೊನೆಯವರೆಗೆ ಓದಿದರೆ ಕಾರಣವು ಬಹುಮಟ್ಟಿಗೆ ಅಲ್ಲಿಯೇ ಸಿಕ್ಕುತ್ತದೆ.

ಸಹಿ ಇಲ್ಲವೆಂದೋ ಸ್ವಯಂಪ್ರಮಾಣಿತವೆಂದೋ ಹೇಳಿದ್ದರೆ, ಕರ್ತೃವಿನ ಗುರುತನ್ನು ಮೂರನೆಯವರು ಯಾರೂ ದೃಢಪಡಿಸಿಲ್ಲವೆಂದು ಅರ್ಥ. ಅನುಮತಿಯ ವಿವರವಿಲ್ಲವೆಂದಿದ್ದರೆ, ತನಗೆ ಜಗಲಿ ಸಾಕೋ ಒಳಮನೆ ಬೇಕೋ ಎಂಬುದನ್ನು ಕ್ರಮವು ತನ್ನ ವಿವರಪಟ್ಟಿಯಲ್ಲಿ ಹೇಳಿಕೊಂಡಿಲ್ಲ. ಪ್ರಮಾಣಪತ್ರದ ಅವಧಿ ಮುಗಿದಿದೆ ಅಥವಾ ಇನ್ನೂ ಆರಂಭವಾಗಿಲ್ಲ ಎಂದಿದ್ದರೆ, ಮೊದಲು ಓದುಗನ ಯಂತ್ರದ ಗಡಿಯಾರವನ್ನು ನೋಡತಕ್ಕದ್ದು. ದಿನಾಂಕ ತಪ್ಪಿದ್ದರೆ ನಿರ್ದೋಷವಾದ ಪತ್ರವೂ ತಿರಸ್ಕೃತವಾಗುವುದು. ಜಾವಾ ಹಳೆಯದಾಗಿದೆ ಎಂದಿದ್ದರೆ, ದೋಷವು ಆಪ್ಲೆಟ್ಟಿನದಲ್ಲ, ಯಂತ್ರದ್ದು.

ಒಮ್ಮೆ ಸಾಧುವಾಗಿದ್ದ ಸಹಿಯೂ ಮುಂದೆ ಅಸಾಧುವಾಗಬಹುದು. ಎಂಡಿ೫ ಎಂಬ ಪದ್ಧತಿಯಲ್ಲಿ ಹಾಕಿದ ಸಹಿಗಳನ್ನು ೨೦೧೭ನೆಯ ಏಪ್ರಿಲಿನಿಂದ ಜಾವಾ ಲೆಕ್ಕಕ್ಕೇ ಹಿಡಿಯಲಿಲ್ಲ. ಆ ಪದ್ಧತಿಯು ದುರ್ಬಲವಾದುದೆಂಬುದು ಅಷ್ಟರಲ್ಲಿ ಸಿದ್ಧವಾಗಿತ್ತು. ಇಂಥಲ್ಲಿ ಬರಹವು ಮೊದಲಿದ್ದಂತೆಯೇ ಇದ್ದರೂ ಮುದ್ರೆಯ ಬೆಲೆ ಹೋಗಿರುತ್ತದೆ.

೩. ಪರಿಹಾರಕ್ರಮ

ಇವಕ್ಕೆಲ್ಲ ಉತ್ತಮವಾದ ಪರಿಹಾರವು ಕರ್ತೃವಿನ ಕೈಯಲ್ಲಿದೆ: ಮಾನ್ಯವಾದ ಪ್ರಮಾಣಪತ್ರವನ್ನು ಪಡೆದು, ವಿವರಪಟ್ಟಿಯನ್ನು ತಿದ್ದಿ, ಕಾಲಮುದ್ರೆಯೊಡನೆ ಮರಳಿ ಸಹಿಮಾಡುವುದು. ಕಾಲಮುದ್ರೆಯಿದ್ದರೆ, ಪತ್ರವು ಜಾರಿಯಲ್ಲಿದ್ದಾಗಲೇ ಸಹಿ ಬಿದ್ದಿತೆಂಬುದಕ್ಕೆ ಸಾಕ್ಷಿಯಿರುತ್ತದೆ.

ಕರ್ತೃವು ದೊರೆಯದ ಪಕ್ಷದಲ್ಲಿ ಓದುಗನಿಗೆ ಉಳಿಯುವ ದಾರಿ ಎಕ್ಸೆಪ್ಷನ್ ಸೈಟ್ ಲಿಸ್ಟ್, ಎಂದರೆ ವಿನಾಯಿತಿಯ ಪಟ್ಟಿ. ಇದು ಮೇಲ್ಕಂಡ ೫೧ನೆಯ ಪರಿಷ್ಕರಣದೊಡನೆಯೇ ಬಂದಿತು. ಜಾವಾ ೮ ಇರುವ ಯಂತ್ರದಲ್ಲಿ ಜಾವಾ ಕಂಟ್ರೋಲ್ ಪ್ಯಾನೆಲಿನ ಸೆಕ್ಯೂರಿಟಿ ಭಾಗದಲ್ಲಿರುವುದು. ವಿಳಾಸವನ್ನು ಅದರ ಆರಂಭದ ಎಚ್‌ಟಿಟಿಪಿಎಸ್ ಮುಂತಾದ ಅಕ್ಷರಗಳೊಡನೆ ಪೂರ್ತಿಯಾಗಿ ಬರೆಯಬೇಕು. ಬರಿಯ ಸ್ಥಳನಾಮವನ್ನು ಕೊಟ್ಟರೆ ಆ ಸ್ಥಳದ ಎಲ್ಲ ಕ್ರಮಗಳಿಗೂ ಅನುಮತಿ ದೊರೆಯುತ್ತದೆ. ವಿಳಾಸದ ಕೊನೆಯಲ್ಲಿ ಓರೆಗೆರೆಯಿದ್ದರೆ ಆ ವಿಭಾಗಕ್ಕೂ ಅದರ ಉಪವಿಭಾಗಗಳಿಗೂ, ಓರೆಗೆರೆಯಿಲ್ಲದ ಪೂರ್ಣವಿಳಾಸವಾದರೆ ಆ ಒಂದಕ್ಕೆ ಮಾತ್ರ. ಒಂದು ಕೋಣೆಯ ಬೀಗವನ್ನು ತೆಗೆದು ಕೆಲಸವಾಗುವುದಾದರೆ ಮನೆಯ ಬಾಗಿಲನ್ನು ತೆರೆದಿಡುವುದು ವಿವೇಕವಲ್ಲ; ಆದಷ್ಟು ಕಿರಿದಾದ ವಿನಾಯಿತಿಯೇ ಲೇಸು.

೪. ಬ್ರೌಸರಿನ ತಡೆ

ಜಾವಾ ಒಪ್ಪಿದರೂ ಬ್ರೌಸರು ಒಪ್ಪದಿರಬಹುದು. ಆಪ್ಲೆಟ್ಟುಗಳಿಗೆ ಆಧಾರವಾಗಿದ್ದ ಎನ್‌ಪಿಎಪಿಐ ಎಂಬ ಜೋಡಣೆಯನ್ನು ಕ್ರೋಮ್ ೨೦೧೫ನೆಯ ಸೆಪ್ಟೆಂಬರಿನಲ್ಲಿ ತೆಗೆದುಹಾಕಿತು. ಫೈರ್‌ಫಾಕ್ಸ್ ೨೦೧೭ನೆಯ ಮಾರ್ಚಿನಲ್ಲಿ ಜಾವಾಕ್ಕೆ ಬಾಗಿಲು ಮುಚ್ಚಿತು. ೨೦೧೮ರಲ್ಲಿ ಬಂದ ಜಾವಾ ೧೧ರಲ್ಲಿ ಆಪ್ಲೆಟ್ಟಿನ ಪ್ಲಗ್‌ಇನ್ನೇ ಇಲ್ಲ. ಇಂಥಲ್ಲಿ ವಿನಾಯಿತಿಯ ಪಟ್ಟಿಯನ್ನು ಎಷ್ಟು ತಿದ್ದಿದರೂ ವ್ಯರ್ಥ. ಬಾಗಿಲೇ ಇಲ್ಲದ ಗೋಡೆಗೆ ಬೀಗದಕೈಯಿಂದ ಏನು ಪ್ರಯೋಜನ?

ಸಾಹಿತ್ಯದ ಅಧ್ಯಾಪಕರಿಗೆ ಇದರ ನಷ್ಟವು ವರ್ಡಲ್ ಎಂಬ ಉಪಕರಣದಿಂದ ವಿಶದವಾಗುವುದು. ಜೊನಾಥನ್ ಫೈನ್‌ಬರ್ಗ್ ೨೦೦೮ರಲ್ಲಿ ಪ್ರಕಟಿಸಿದ ಈ ಆಪ್ಲೆಟ್ಟು, ಕೊಟ್ಟ ಪಠ್ಯದಲ್ಲಿ ಹೆಚ್ಚಾಗಿ ಬರುವ ಶಬ್ದಗಳನ್ನು ದೊಡ್ಡ ಅಕ್ಷರಗಳಲ್ಲಿ ಜೋಡಿಸಿ ಶಬ್ದಮೇಘವನ್ನು ರಚಿಸುತ್ತಿತ್ತು. (ಇದೇ ಹೆಸರಿನಿಂದ ೨೦೨೧ರಲ್ಲಿ ಬಂದ ಅಕ್ಷರದಾಟವು ಬೇರೆ.) ಕೃತಿಯ ಶಬ್ದಸಂಪತ್ತನ್ನು ವಿದ್ಯಾರ್ಥಿಗಳಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಲು ಅನೇಕ ತರಗತಿಗಳಲ್ಲಿ ಇದು ಬಳಕೆಯಾಗಿತ್ತು. ಬ್ರೌಸರುಗಳು ಜಾವಾವನ್ನು ಬಿಟ್ಟಮೇಲೆ ಅವುಗಳಲ್ಲಿ ಅದು ನಡೆಯದಾಯಿತು.

ಈ ಸ್ಥಿತಿಗೆ ತಕ್ಕ ಪರಿಹಾರವು ಪುನಾರಚನೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ಫೆಟ್ ಯೋಜನೆಯವರು ಜಾವಾದಲ್ಲಿದ್ದ ತಮ್ಮ ವಿಜ್ಞಾನಪ್ರದರ್ಶನಗಳಲ್ಲಿ ಅನೇಕವನ್ನು ಎಚ್‌ಟಿಎಮ್‌ಎಲ್೫ ಪದ್ಧತಿಗೆ ತಂದರು. ಉಳಿದ ಹಲವನ್ನು ಚೀರ್ಪ್‌ಜೆ ಎಂಬ ಸಾಧನದ ಮೂಲಕ ಬ್ರೌಸರಿನಲ್ಲಿ ನಡೆಯುವಂತೆ ಮಾಡಿದರು. ಈ ಸಾಧನವು ಜಾವಾ ಕ್ರಮವನ್ನು ಬ್ರೌಸರಿನ ಸ್ವಂತ ಜಗಲಿಯೊಳಗೇ ನಡೆಸುವುದರಿಂದ ಪ್ರತ್ಯೇಕವಾದ ಪ್ಲಗ್‌ಇನ್ ಬೇಕಾಗುವುದಿಲ್ಲ.

ಆದುದರಿಂದ ತಡೆಯು ಎದುರಾದಾಗ ಒಕ್ಕಣೆಯನ್ನು ಓದುವುದು, ತಡೆದವರು ಜಾವಾವೋ ಬ್ರೌಸರೋ ಎಂದು ನಿಶ್ಚಯಿಸುವುದು, ಬಾಗಿಲಿದ್ದರೆ ಕಿರಿದಾಗಿ ತೆರೆಯುವುದು, ಇಲ್ಲದಿದ್ದರೆ ಕೃತಿಯನ್ನು ಹೊಸ ಪದ್ಧತಿಗೆ ತರುವುದು — ಇದೇ ಕ್ರಮ. ತಾಳೆಯ ಗರಿ ಶಿಥಿಲವಾದಾಗ ಪ್ರತಿಯೆತ್ತಿ ಗ್ರಂಥವನ್ನು ಉಳಿಸಿದವರ ಕೆಲಸವೂ ಇದೇ ಜಾತಿಯದು. ಪ್ರತಿಯೆತ್ತುವ ಕೆಲಸವನ್ನು ಮೂಲವು ಕೈಗೆ ಸಿಕ್ಕುವಷ್ಟರಲ್ಲಿಯೇ ಮಾಡಬೇಕಾಗುವುದು.