ಕಾರಿನಲ್ಲಿ ಕುಳಿತ ಪರದೇಶಿ ಬಾನುಲಿ

ಬೆಂಗಳೂರಿನಿಂದ ನ್ಯೂಜಿಲೆಂಡಿನ ಆಕ್ಲೆಂಡ್ ನಗರಕ್ಕೆ ಹೋಗಿ ನೆಲಸುವ ಕುಟುಂಬಕ್ಕೆ ಮೊದಲು ಒದಗುವ ದೊಡ್ಡ ವೆಚ್ಚಗಳಲ್ಲಿ ಕಾರಿನ ಖರೀದಿಯೂ ಒಂದು. ಹೊಸ ಕಾರು ದುಬಾರಿ; ಜಪಾನಿನಲ್ಲಿ ಕೆಲವು ವರ್ಷ ಓಡಿ, ಹಡಗೇರಿ ಬಂದ ಕಾರು ಕೈಗೆಟಕುವಂಥದು. 1980ರ ದಶಕದ ಕೊನೆಯಿಂದ ಇಂಥ ಕಾರುಗಳು ಆ ದೇಶಕ್ಕೆ ಹೇರಳವಾಗಿ ಬರುತ್ತಿವೆ. ಭಾರತದಲ್ಲಿರುವಂತೆ ಆ ಎರಡು ದೇಶಗಳಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಸಾಗುವುದರಿಂದ ಚಾಲಕನ ಸ್ಥಾನವೂ ಬದಲಾಗಬೇಕಾಗಿಲ್ಲ. ಎಂಜಿನ್ ಗಟ್ಟಿ, ಬಣ್ಣ ಮಾಸಿಲ್ಲ, ಬೆಲೆ ಹಿತ. ಎಲ್ಲವೂ ಸರಿಯೆ. ಆದರೆ ಮನೆಯವರೆಲ್ಲ ಒಳಗೆ ಕುಳಿತು ರೇಡಿಯೋದ ಗುಂಡಿ ತಿರುಗಿಸಿದಾಗ ಕೇಳಿಬರುವುದೇನು? ಬರಿಯ ಭೋರೆಂಬ ಸದ್ದು!

ಮಾರಿದವನು ಮೋಸ ಮಾಡಿದನೆ? ರೇಡಿಯೋ ಕೆಟ್ಟುಹೋಗಿದೆಯೆ? ಎರಡೂ ಅಲ್ಲ. ರೇಡಿಯೋ ಆರೋಗ್ಯವಾಗಿಯೇ ಇದೆ. ಅದು ಹುಟ್ಟಿದ ನಾಡಿನ ಲೆಕ್ಕವೇ ಬೇರೆ, ಬಂದು ಸೇರಿದ ನಾಡಿನ ಲೆಕ್ಕವೇ ಬೇರೆ.

ಅಳತೆಯ ಅಂತರ

ಪ್ರತಿಯೊಂದು ಬಾನುಲಿ ನಿಲಯವೂ ತನಗೆಂದು ಗೊತ್ತುಮಾಡಿದ ಆವರ್ತನದಲ್ಲಿ, ಎಂದರೆ ಸೆಕೆಂಡಿಗೆ ಇಷ್ಟು ಕಂಪನಗಳೆಂಬ ಲೆಕ್ಕದಲ್ಲಿ, ಪ್ರಸಾರ ಮಾಡುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಕಂಪನಗಳಾದರೆ ಒಂದು ಮೆಗಾಹರ್ಟ್ಸ್. ಎಫ್.ಎಂ. ಪ್ರಸಾರಕ್ಕೆಂದು ಲೋಕದ ಬಹುಭಾಗದಲ್ಲಿ 87.5ರಿಂದ 108 ಮೆಗಾಹರ್ಟ್ಸ್‌ವರೆಗಿನ ಹರವನ್ನು ಮೀಸಲಿಟ್ಟಿದ್ದಾರೆ. ಬೆಂಗಳೂರಿನ ಆಕಾಶವಾಣಿಯ 101.3 ಮತ್ತು ವಿವಿಧ ಭಾರತಿಯ 102.9 ಈ ಹರವಿನೊಳಗಿನವೇ. ಆಕ್ಲೆಂಡಿನಲ್ಲಿ ರೇಡಿಯೋ ನ್ಯೂಜಿಲೆಂಡಿನ ರಾಷ್ಟ್ರೀಯ ಕಾರ್ಯಕ್ರಮ ಕೇಳಿಬರುವ 101.4 ಕೂಡ ಅಲ್ಲಿಯದೇ.

ಜಪಾನಿನ ಹಾದಿ ಬೇರೆ. ಅಲ್ಲಿ ಎಫ್.ಎಂ. ಬಾನುಲಿಗೆ ಸಂದದ್ದು 76ರಿಂದ 90ರವರೆಗಿನ ಹರವು. ಅದಕ್ಕೆ ಮೇಲಿನ 90ರಿಂದ 108ರವರೆಗಿನ ಜಾಗವನ್ನು ಆ ದೇಶದ ಟೆಲಿವಿಷನ್ನಿನ ಮೊದಲ ಮೂರು ಚಾನೆಲ್‌ಗಳು ಆಕ್ರಮಿಸಿದ್ದವು. 2011ರ ಜುಲೈ 24ರಂದು ದೇಶದ ಹೆಚ್ಚಿನ ಭಾಗದಲ್ಲಿ ಹಳೆಯ ಬಗೆಯ ಟೆಲಿವಿಷನ್ ಪ್ರಸಾರ ನಿಂತಿತು. ತೆರವಾದ ಜಾಗದಲ್ಲಿ 95ರವರೆಗಿನ ಭಾಗ 2014ರಿಂದ ಬಾನುಲಿಯ ಬಳಕೆಗೆ ಬಂತು. ಆದಕಾರಣ ಈಚಿನ ಕೆಲವು ಜಪಾನೀ ರೇಡಿಯೋಗಳು 90ನ್ನು ದಾಟಿ ಹೋಗುತ್ತವೆ. ಆದರೆ 95ಕ್ಕೆ ನಿಲ್ಲುವ ರೇಡಿಯೋ 101.4ನ್ನು ಮುಟ್ಟುವುದೆಂತು?

ನೆರವಿಗೆ ಬರುವ ಮಧ್ಯಮ ತರಂಗ

ಹಾಗೆಂದು ಆ ರೇಡಿಯೋ ಪೂರ್ಣ ಮೂಕವೇನಲ್ಲ. ಎ.ಎಂ. ಎಂದು ಬರೆದಿರುವ ಗುಂಡಿಯನ್ನು ಒತ್ತಿದರೆ ಮಧ್ಯಮ ತರಂಗದ ನಿಲಯಗಳು ಕೇಳಬಲ್ಲವು. 1975ರಲ್ಲಿ ಜಿನೀವಾದಲ್ಲಿ ಸೇರಿದ ಸಮ್ಮೇಳನ ಯೂರೋಪು, ಆಫ್ರಿಕ, ಏಷ್ಯ ಮತ್ತು ಆಸ್ಟ್ರೇಲಿಯದ ಸುತ್ತಿನ ನಾಡುಗಳಿಗೆ ಒಂದು ಕ್ರಮವನ್ನು ಗೊತ್ತುಮಾಡಿತು. ನಿಲಯ ನಿಲಯಕ್ಕೆ 9 ಕಿಲೋಹರ್ಟ್ಸ್ ಅಂತರವೆಂಬ ಆ ಕ್ರಮ 1978ರ ನವೆಂಬರ್ 23ರಿಂದ ಜಾರಿಗೆ ಬಂತು. ಭಾರತ, ಜಪಾನ್, ನ್ಯೂಜಿಲೆಂಡ್ ಮೂರೂ ಈ ಪಂಕ್ತಿಯಲ್ಲಿವೆ. ಬೆಂಗಳೂರಿನ 612ನ್ನೂ ಧಾರವಾಡದ 765ನ್ನೂ 9ರಿಂದ ಭಾಗಿಸಿದರೆ ಶೇಷವುಳಿಯದು.

ಅಮೆರಿಕದ ಕಾರಿನ ಕಷ್ಟ ಇದಕ್ಕೆ ತಿರುಗುಮುರುಗು. ಅಲ್ಲಿ ಮಧ್ಯಮ ತರಂಗದ ಹೆಜ್ಜೆ 10 ಕಿಲೋಹರ್ಟ್ಸ್. ಅಂಥ ರೇಡಿಯೋ 610ರಲ್ಲಿ ನಿಂತರೆ ಬೆಂಗಳೂರು ಒಂದಿಷ್ಟು ಒರಟಾಗಿಯಾದರೂ ಕೇಳೀತು. ಆದರೆ 760ಕ್ಕೂ 770ಕ್ಕೂ ನಟ್ಟನಡುವೆ ಕುಳಿತ ಧಾರವಾಡ ಎರಡು ಹೆಜ್ಜೆಗೂ ಸಿಕ್ಕದು. ಕೆಲವು ರೇಡಿಯೋಗಳಲ್ಲಿ ದೇಶವನ್ನು ಬದಲಿಸುವ ಏರ್ಪಾಟು ಒಳಗೇ ಅಡಗಿರುವುದುಂಟು. ಹಣ ವೆಚ್ಚಮಾಡುವ ಮೊದಲು ಕಾರಿನ ಕೈಪಿಡಿಯನ್ನು ತಿರುವಿಹಾಕುವುದು ಲೇಸು.

ಪುಟ್ಟ ಪೆಟ್ಟಿಗೆಯ ಉಪಕಾರ

ಜಪಾನೀ ಕಾರಿಗೆ ಅಗ್ಗದ ಮದ್ದೊಂದಿದೆ. ಅದರ ಹೆಸರು ಬ್ಯಾಂಡ್ ಎಕ್ಸ್‌ಪ್ಯಾಂಡರ್. ಬೆಂಕಿಪೊಟ್ಟಣದಂಥ ಈ ಪುಟ್ಟ ಪೆಟ್ಟಿಗೆಯನ್ನು ಏರಿಯಲ್ಲಿನ ತಂತಿಗೂ ರೇಡಿಯೋಗೂ ನಡುವೆ ಜೋಡಿಸಿ, ಕಾರಿನ 12 ವೋಲ್ಟ್ ವಿದ್ಯುತ್ತನ್ನು ಕೊಡುತ್ತಾರೆ. ಅದು ತಾನೇ ಒಂದು ಕಂಪನವನ್ನು ಹುಟ್ಟಿಸಿ, ಹೊರಗಿನಿಂದ ಬಂದ ಕಂಪನದೊಡನೆ ಬೆರೆಸಿ, ಅವೆರಡರ ವ್ಯತ್ಯಾಸವನ್ನು ರೇಡಿಯೋಗೆ ಉಣಿಸುತ್ತದೆ. ಪೆಟ್ಟಿಗೆ 12 ಮೆಗಾಹರ್ಟ್ಸ್ ಕಳೆಯುವಂಥದಾದರೆ 101.4ರ ನಿಲಯ ರೇಡಿಯೋದಲ್ಲಿ 89.4ರಲ್ಲಿ ಮಾತನಾಡುತ್ತದೆ.

ಆದರೆ ಹಿಗ್ಗುವ ಮುನ್ನ ಒಂದು ಕೂಡು-ಕಳೆ ಅಗತ್ಯ. ಜಪಾನೀ ಹರವಿನ ಅಗಲ 14 ಮೆಗಾಹರ್ಟ್ಸ್ ಮಾತ್ರ. ಹನ್ನೆರಡನ್ನು ಕಳೆಯುವ ಪೆಟ್ಟಿಗೆ 88ರಿಂದ 102ರವರೆಗಿನ ನಿಲಯಗಳನ್ನಷ್ಟೇ ಒಳಗೆ ತರುತ್ತದೆ. ಹದಿನಾರನ್ನು ಕಳೆಯುವುದು 92ರಿಂದ 106ರವರೆಗೆ. ಎಲ್ಲವೂ ಬೇಕೆಂದರೆ ಎಲ್ಲವೂ ದೊರೆಯದು. ಮನೆಯವರಿಗೆ ಬೇಕಾದ ನಿಲಯಗಳ ಪಟ್ಟಿಯನ್ನು ಮೊದಲು ಬರೆದುಕೊಂಡು, ಅದಕ್ಕೊಪ್ಪುವ ಪೆಟ್ಟಿಗೆಯನ್ನು ಆರಿಸುವುದೇ ಜಾಣತನ.

ರೇಡಿಯೋವನ್ನೇ ಬದಲಿಸಿದರೆ ಈ ತೊಡಕೆಲ್ಲ ತೀರುತ್ತದೆ. ವೆಚ್ಚ ಮಾತ್ರ ಹೆಚ್ಚು. ಇನ್ನೊಂದು ಎಚ್ಚರಿಕೆಯೂ ಬೇಕು. ಕೆಲವು ಜಪಾನೀ ರೇಡಿಯೋಗಳು ಬ್ಯಾಟರಿಯನ್ನು ಕಳಚಿದೊಡನೆ ಬೀಗ ಹಾಕಿಕೊಂಡು, ಗುಪ್ತ ಸಂಖ್ಯೆಯನ್ನು ಹೇಳಿದ ಹೊರತು ಬಾಯಿ ಬಿಡುವುದಿಲ್ಲ.

ಕತ್ತಲೆಯಲ್ಲಿ ಒಂದು ದನಿ

ಹಾಡು ಕೇಳದಿದ್ದರೆ ಹೋಗಲಿ, ಇಷ್ಟೆಲ್ಲ ತಾಪತ್ರಯ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಅಂಥವರು 2023ರ ಫೆಬ್ರವರಿಯನ್ನು ನೆನೆಯಬೇಕು. ಗೇಬ್ರಿಯೆಲ್ ಎಂಬ ಚಂಡಮಾರುತ ಆಗ ನ್ಯೂಜಿಲೆಂಡಿನ ಉತ್ತರ ದ್ವೀಪವನ್ನು ಅಪ್ಪಳಿಸಿತು. ಹೊಳೆಗಳು ಉಕ್ಕಿದವು, ಸೇತುವೆಗಳು ಕೊಚ್ಚಿಹೋದವು. ಹಲವು ಕಡೆ ವಿದ್ಯುತ್ತೂ ಇಲ್ಲ, ಮೊಬೈಲ್ ಫೋನೂ ಇಲ್ಲ. ಯಾವ ರಸ್ತೆ ಮುಚ್ಚಿದೆ, ಯಾವ ಊರನ್ನು ತೆರವು ಮಾಡಬೇಕು ಎಂಬುದನ್ನು ತಿಳಿಯಲು ಬ್ಯಾಟರಿಯ ರೇಡಿಯೋ ಅಥವಾ ಅಂಗಳದಲ್ಲಿ ನಿಂತ ಕಾರಿನ ರೇಡಿಯೋ ಆಸರೆಯಾಗಬೇಕಾಯಿತು. ಅಂಥ ರಾತ್ರಿಯಲ್ಲಿ, ಮಳೆಯ ಆರ್ಭಟದ ನಡುವೆ, ಎ.ಎಂ. ಎಲ್ಲಿದೆ, ಎಫ್.ಎಂ. ಎಲ್ಲಿದೆ ಎಂದು ಗುಂಡಿಗಳನ್ನು ತಡಕಾಡುತ್ತ ಕೂರುವ ಪಾಡು ಯಾರಿಗೂ ಬೇಡ.

ಆದ್ದರಿಂದ ಕಾರು ಮನೆಗೆ ಬಂದ ದಿನವೇ ಅರ್ಧ ಗಂಟೆಯ ಕೆಲಸವೊಂದನ್ನು ಮುಗಿಸಿಬಿಡಬೇಕು. ರಾಷ್ಟ್ರೀಯ ನಿಲಯ ಮಧ್ಯಮ ತರಂಗದಲ್ಲಿ ಯಾವ ಸಂಖ್ಯೆಯಲ್ಲಿ, ಪೆಟ್ಟಿಗೆಯ ಮೂಲಕ ಎಫ್.ಎಂ.ನಲ್ಲಿ ಯಾವ ಸಂಖ್ಯೆಯಲ್ಲಿ ಕೇಳುತ್ತದೆಂದು ಪರೀಕ್ಷಿಸಿ, ಚೀಟಿಯೊಂದರಲ್ಲಿ ಬರೆದು ಕಾರಿನಲ್ಲೇ ಇಡಬೇಕು. ಮನೆಯ ಹಿರಿಯರಿಗೂ ಮಕ್ಕಳಿಗೂ ಅದನ್ನು ಒಮ್ಮೆ ತೋರಿಸಿಕೊಡಬೇಕು. ಅಷ್ಟಾದರೆ, ಪರದೇಶಿಯಾಗಿ ಬಂದ ಆ ರೇಡಿಯೋ ಮನೆಯವರಲ್ಲಿ ಒಬ್ಬನಾಗಿ, ಕಷ್ಟಕಾಲದಲ್ಲಿ ಮಾತನಾಡೀತು.